ಗಾಡಿ ಮಾತು: ಯೆಜ್ಡಿ ಮನೆಯಲ್ಲಿ ಇರೋರ ಪ್ರಶ್ನೆಗಳು

ಹೋದ ತಿಂಗಳು ಹಳೇ ಟೂ ಸ್ಟ್ರೋಕ್ ಗಾಡಿಗಳ (ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸೋವು) ಬಗ್ಗೆ ಬರೆದಿದ್ದೇ ತಡ, ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೈಸೂರಲ್ಲಿ ತಯಾರಾಗ್ತಿದ್ದ ಯೆಜ್ಡಿ ಬೈಕಿಂದೇ, ಅದ್ರಲ್ಲೂ 85ರಿಂದ 90ರ ಒಳಗೆ ತಗೊಂಡ ಗಾಡಿಗಳದ್ದು. ಹಾಗಾಗಿ ಈ ಸಲ ಬೇರೆ ಯಾವ ಗಾಡಿನೂ ಇಲ್ಲ, ಪೂರ್ತಿ ಮೈಸೂರಿನ ಕೂಸೇ.

ಪ್ರಶ್ನೆ (ಹಾಸನದಿಂದ): ಅಪ್ಪ 1988ರಲ್ಲಿ ತಗೊಂಡ ಯೆಜ್ಡಿ ಮನೇಲಿದೆ. ಟ್ಯಾಂಕ್ ಮೇಲಿನ ಹೆಸರು ಅಳಿಸಿಹೋಗಿದೆ. ಒಬ್ರು ಕ್ಲಾಸಿಕ್ ಅಂತಾರೆ, ಒಬ್ರು ರೋಡ್‌ಕಿಂಗ್ ಅಂತಾರೆ, ಎರಡು ಸೈಲೆನ್ಸರ್ ಇದೆಯಲ್ಲಾ ಇದು ಟ್ವಿನ್ನೇ ಅಂತ ಇನ್ನೊಬ್ರು. ಆಗ ಎಷ್ಟು ಮಾಡೆಲ್ ಇದ್ವು?

ಮೊದಲು ಟ್ವಿನ್ ವಿಷ್ಯ ಮುಗಿಸಿಬಿಡೋಣ. ಸೈಲೆನ್ಸರ್ ಎಣಿಸಬೇಡಿ, ಸ್ಪಾರ್ಕ್ ಪ್ಲಗ್ ಎಣಿಸಿ. ಯೆಜ್ಡಿ 250ರಲ್ಲಿ (ಅಂದ್ರೆ 250 ಸಿಸಿ ಇಂಜಿನ್ನಿನದು) ಇರೋದು ಒಂದೇ ಸಿಲಿಂಡರ್, ಆದ್ರೆ ಹೊಗೆ ಆಚೆ ಹೋಗೋಕೆ ಎರಡು ಬಾಯಿ, ಅದಕ್ಕೇ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್. ಎದುರಿಗೆ ಕೂತು ನೋಡಿ, ಬೆಂಡ್ ಪೈಪ್ ಎರಡೂ ಒಂದೇ ಬ್ಯಾರಲ್ಲಿಂದ (ಸಿಲಿಂಡರ್ ಕೊಳವೆಯಿಂದ) ಕವಲೊಡೆದು ಬರ್ತವೆ. ಮೇಲೆ ಪ್ಲಗ್ ಒಂದಿದ್ರೆ 250, ಪಕ್ಕಪಕ್ಕ ಎರಡು ಸಿಲಿಂಡರು ಎರಡು ಪ್ಲಗ್ ಇದ್ರೆ ಮಾತ್ರ ಅದು 350 ಟ್ವಿನ್, ಹಾಗಿದ್ರೆ ನಿಮ್ಮ ಮನೇಲಿ ಭಾಳ ಅಪರೂಪದ ವಸ್ತು ಇದೆ ಅಂತ ಅರ್ಥ.

ಇನ್ನು ಮಾಡೆಲ್. 80ರ ದಶಕದಲ್ಲಿ ಕಂಪನಿಯವರು ಹೆಸರು ಇಟ್ಟಿದ್ದೇ ಇಟ್ಟಿದ್ದು, ಕ್ಲಾಸಿಕ್ಕು, ಡೀಲಕ್ಸು, ಸಿಎಲ್-2, ರೋಡ್‌ಕಿಂಗು, ಮೊನಾರ್ಕು, ಮೇಲ್ಗಡೆ 350 ಟ್ವಿನ್, ಕೆಳಗಡೆ 175, ಅದಕ್ಕೂ ಕೆಳಗೆ ಪುಟಾಣಿ ಕೋಲ್ಟು. ಕೇಳಿದ್ರೆ ದೊಡ್ಡ ಅಂಗಡಿ ಅನ್ಸುತ್ತೆ, ಆದ್ರೆ ನನ್ನ ಪ್ರಕಾರ 250ಗಳಲ್ಲಿ ನೆನಪಿಟ್ಟುಕೊಳ್ಳಬೇಕಾದ್ದು ಎರಡೇ ಮನೆತನ. ಒಂದು ಯೆಜ್ಡಿ ಅನ್ನೋ ಹೆಸರು ಬರೋ ಮೊದಲು ಅದೇ ಫ್ಯಾಕ್ಟರಿಲಿ ತಯಾರಾಗ್ತಿದ್ದ ಹಳೇ ಜಾವಾದ ನೇರ ವಂಶ, ಅಂದ್ರೆ ಕ್ಲಾಸಿಕ್ ಕಡೆಯವು, ಸುಮಾರು 13 ಕುದುರೆ ಶಕ್ತಿ. ಇನ್ನೊಂದು 1978ರಲ್ಲಿ ಬಂದ ರೋಡ್‌ಕಿಂಗು, 16 ಕುದುರೆ ಶಕ್ತಿ, ರ‍್ಯಾಲಿಗಳಲ್ಲಿ ಹೆಸರು ಮಾಡಿದ್ದು ಇದೇ. ಸ್ಪೀಡೋಮೀಟರ್ ಹೆಡ್‌ಲೈಟ್ ಬುಂಡೆ ಒಳಗೇ ಕೂತಿದ್ದು ಟ್ಯಾಂಕ್ ದುಂಡಗಿದ್ರೆ ಕ್ಲಾಸಿಕ್ ಕಡೆಯದು, ಸ್ಪೀಡೋಮೀಟರ್ ಬೇರೆಯಾಗಿ ನಿಂತಿದ್ದು ಸಿಲಿಂಡರ್ ಹೆಡ್ಡಿನ ಫಿನ್ನುಗಳು (ಬಿಸಿ ಹೊರಗೆ ಬಿಡೋ ರೆಕ್ಕೆಗಳು) ದೊಡ್ಡದಾಗಿ ಅಗಲವಾಗಿದ್ರೆ ರೋಡ್‌ಕಿಂಗ್ ಕಡೆಯದು.

ಆದ್ರೆ ಒಂದು ಎಚ್ಚರ. 35 ವರ್ಷದಲ್ಲಿ ಎಷ್ಟೋ ಗಾಡಿಗೆ ಟ್ಯಾಂಕು ಒಂದರದ್ದು, ಹೆಡ್‌ಲೈಟು ಇನ್ನೊಂದರದ್ದು, ಇಂಜಿನ್ ಮತ್ತೊಂದರದ್ದು ಆಗಿರುತ್ತೆ. ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಸೀಮೆಎಣ್ಣೆ ಬಟ್ಟೆಲಿ ಒರೆಸಿ ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಮರಳು ಕಾಗದ ಮಾತ್ರ ಹಾಕಲೇಬೇಡಿ, ನಂಬರ್ ಸವೆದ್ರೆ ಆಮೇಲೆ ಆರ್‌ಟಿಓ ಕಚೇರಿಲಿ ನಿಮ್ಮ ಗಾಡಿ ನಿಮ್ಮದೇ ಅಂತ ನೀವೇ ಸಾಬೀತು ಮಾಡಬೇಕಾಗುತ್ತೆ.

ಪ್ರಶ್ನೆ (ಶಿರಸಿಯಿಂದ): ರೋಡ್‌ಕಿಂಗ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲಲ್ಲ. ಮೆಕ್ಯಾನಿಕ್ ಎರಡು ಸಲ ಬೋರ್ ಮಾಡಿಸಿ (ಸಿಲಿಂಡರ್ ಒಳಗೋಡೆ ಕೊರೆಸಿ) ಪಿಸ್ಟನ್ ಹಾಕಿದ್ರು, ಹೊಗೆ ಹಾಗೇ ಇದೆ. ಪೆಟ್ರೋಲಿಗೆ ಆಯಿಲ್ ಕಮ್ಮಿ ಮಾಡ್ಲಾ?

ದಯವಿಟ್ಟು ಕಮ್ಮಿ ಮಾಡ್ಬೇಡಿ! ಟೂ ಸ್ಟ್ರೋಕ್ ಇಂಜಿನ್ನಿಗೆ ಪಿಸ್ಟನ್ನಿಗೂ ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟವನ್ನ ತಿರುಗಾಟ ಮಾಡೋ ದಂಡ) ಬೇರಿಂಗಿಗೂ ಇರೋ ಎಣ್ಣೆ ಅಂದ್ರೆ ಪೆಟ್ರೋಲ್ ಜೊತೆ ನೀವು ಹಾಕೋದು ಅಷ್ಟೇ, ಅದನ್ನ ತಪ್ಪಿಸಿದ್ರೆ ಘಾಟಿ ಹತ್ತುವಾಗ ಪಿಸ್ಟನ್ ಹಿಡ್ಕೊಂಡು ಹಿಂದಿನ ಚಕ್ರ ಲಾಕ್ ಆಗುತ್ತೆ, ಬಿದ್ರೆ ಗಾಡಿ ಜೊತೆ ನೀವೂ ಹೋಗ್ತೀರ. ನಾನು ಲೀಟರಿಗೆ 40 ಮಿಲಿ ಲೀಟರ್ ಹಾಕೋದು, ಅದೂ ಒಳ್ಳೇ ಟೂಟಿ (2T) ಆಯಿಲ್ಲು, ಅಂದ್ರೆ ಟೂ ಸ್ಟ್ರೋಕ್ ಗಾಡಿಗೆ ಅಂತಲೇ ಬರೋ ಎಣ್ಣೆ.

ನಿಮ್ಮ ಪತ್ರದ ಕೊನೇಲಿ ಒಂದು ಸಾಲು ಬರೆದಿದ್ರಿ, ಗೇರ್ ಆಯಿಲ್ ಪದೇ ಪದೇ ಕಮ್ಮಿ ಆಗುತ್ತೆ ಅಂತ. ಉತ್ತರ ಅಲ್ಲೇ ಇದೆ ನೋಡಿ. ಎಡಗಡೆ ಕ್ರ್ಯಾಂಕಿನ ತುದಿಲಿ ಪ್ರೈಮರಿ ಚೈನು, ಕ್ಲಚ್ಚು ಇರ್ತವೆ, ಅವು ಗೇರ್ ಆಯಿಲಲ್ಲಿ ನೆಂದಿರ್ತವೆ. ಆ ಎಣ್ಣೆ ಕ್ರ್ಯಾಂಕ್ ಕೋಣೆಗೆ ಹೋಗದ ಹಾಗೆ ತಡೆಯೋದು ಒಂದು ರಬ್ಬರ್ ಸೀಲು, ಬಳೆ ತರ ಇರುತ್ತೆ, ಒಳಗಡೆ ತೆಳ್ಳಗೆ ತುಟಿ, ಆ ತುಟಿ ಹಿಂದೆ ಕೂದಲಿನಷ್ಟು ಸಣ್ಣ ಸ್ಪ್ರಿಂಗು. ವರ್ಷಗಟ್ಟಲೆ ಗಾಡಿ ನಿಂತ್ರೆ ಆ ತುಟಿ ಒಣಗಿ ಗಟ್ಟಿಯಾಗುತ್ತೆ, ಆಮೇಲೆ ಪಿಸ್ಟನ್ ಮೇಲೆ ಹೋದಾಗೆಲ್ಲಾ ಕ್ರ್ಯಾಂಕ್ ಕೋಣೆ ಪೆಟ್ರೋಲ್ ಜೊತೆ ಗೇರ್ ಆಯಿಲನ್ನೂ ಹೀರ್ಕೊಳ್ಳುತ್ತೆ, ಅದೇ ನಿಮ್ಮ ಬಿಳಿ ಹೊಗೆ. ಸಿಲಿಂಡರ್ ಬೋರಿಗೂ ಇದಕ್ಕೂ ಸಂಬಂಧವೇ ಇಲ್ಲ, ಎರಡು ಸಲ ಬೋರ್ ಮಾಡಿಸಿದ್ದು ಓದಿ ಬೇಜಾರಾಯ್ತು, ಯಾಕಂದ್ರೆ ಒಂದೊಂದು ಬೋರಿಗೂ ಬ್ಯಾರಲ್ಲಿನ ಆಯುಸ್ಸು ಕಮ್ಮಿಯಾಗುತ್ತೆ, ಹಳೇ ಬ್ಯಾರಲ್ಲು ಮತ್ತೆ ಹುಟ್ಟಲ್ಲ.

ಎರಡೂ ಕಡೆ ಸೀಲ್ ಬದಲಾಯಿಸಿ, ಎಡಗಡೆದು ಮಾತ್ರ ಅಲ್ಲ. ಬಲಗಡೆ ಸೀಲ್ ಹೋದ್ರೆ ಹೊಗೆ ಬರಲ್ಲ, ಬದಲಿಗೆ ಗಾಳಿ ಒಳಗೆ ನುಗ್ಗಿ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಮಿಶ್ರಣ) ತೆಳುವಾಗಿ ಐಡ್ಲಿಂಗ್ ತಾನಾಗೇ ಏರುತ್ತೆ, ಇಂಜಿನ್ ಅತಿಯಾಗಿ ಬಿಸಿಯಾಗುತ್ತೆ, ಹೊಗೆಗಿಂತ ಅದೇ ಅಪಾಯ. ಇಷ್ಟು ಬಿಚ್ಚಿದ ಮೇಲೆ ಸೈಲೆನ್ಸರ್ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸೋ ಭಾಗ) ತೆಗೆದು ಕಾರ್ಬನ್ ಕೆರೆಸಿ, ಎರಡು ಎಕ್ಸಾಸ್ಟ್ ಬಾಯಿಯನ್ನೂ ಮರದ ಕಡ್ಡಿಲಿ ಕ್ಲೀನ್ ಮಾಡಿಸಿ.

ಪ್ರಶ್ನೆ (ದಾವಣಗೆರೆಯಿಂದ): ಯೆಜ್ಡಿ 350 ಟ್ವಿನ್, ರಾಜ್‌ದೂತ್ 350 ಎರಡೂ ಮಾರಾಟಕ್ಕಿವೆ. ನಾನು ಯಾವುದು ತಗೊಳ್ಳಲಿ?

ಓಡಿಸೋ ಮಜಾ ಬೇರೆ ಬೇರೆ. ಎಸ್ಕಾರ್ಟ್ಸ್‌ನವರ ರಾಜ್‌ದೂತ್ 350 ಅಂದ್ರೆ ಯಮಹಾ ಆರ್‌ಡಿ 350ಯ ನಮ್ಮ ದೇಶದ ರೂಪ, 6 ಗೇರು, ಆರ್‌ಪಿಎಂ ಏರ್ತಿದ್ದ ಹಾಗೆ ಎಳ್ಕೊಂಡು ಹೋಗುತ್ತೆ. ಯೆಜ್ಡಿ ಟ್ವಿನ್ 4 ಗೇರಿನ ಸಮಾಧಾನದ ಗಾಡಿ, ಕೆಳಗಿನ ಎಳೆತ ಚೆನ್ನಾಗಿದೆ, ಹಿಂದೆ ಒಬ್ರನ್ನ ಕೂರಿಸ್ಕೊಂಡು ದೂರ ಹೋಗೋರಿಗೆ ನಾನಂತೂ ಇದನ್ನೇ ಹೇಳ್ತೀನಿ. ಆದ್ರೆ ಟ್ವಿನ್ ತಯಾರಾಗಿದ್ದೇ ಕಮ್ಮಿ, ಬಿಡಿಭಾಗ ಸಿಗೋದು ಕಷ್ಟ, ಹಾಗಾಗಿ ಕ್ರ್ಯಾಂಕ್ ಚೆನ್ನಾಗಿಲ್ಲದ ಟ್ವಿನ್ ತಗೋಬೇಡಿ.

ಪ್ರಶ್ನೆ (ಬೆಂಗಳೂರಿನಿಂದ): ನಂಗೆ 22 ವರ್ಷ. ಎಲ್ರೂ ಇಷ್ಟು ಹೊಗಳ್ತಾರಲ್ಲ, ಹಾಗಾದ್ರೆ ಕಂಪನಿ ಯಾಕೆ ಮುಚ್ಚಿತು?

ನೇರವಾಗಿ ಕೇಳಿದ್ದೀರ, ನಾನೂ ನೇರವಾಗೇ ಹೇಳ್ತೀನಿ. ಮೈಸೂರಿನ ಯಾದವಗಿರಿಲಿ ಐಡಿಯಲ್ ಜಾವಾ ಫ್ಯಾಕ್ಟರಿ 1961ರಲ್ಲಿ ಜಯಚಾಮರಾಜ ಒಡೆಯರ್ ಅವರ ಕೈಲಿ ಉದ್ಘಾಟನೆ ಆಯ್ತು, ಚೆಕೊಸ್ಲೊವಾಕಿಯಾದ ಜಾವಾವನ್ನ ಲೈಸೆನ್ಸ್ ಮೇಲೆ ಇಲ್ಲೇ ತಯಾರು ಮಾಡೋಕೆ. 1973ರಿಂದ ಅದೇ ಗಾಡಿ ಯೆಜ್ಡಿ ಆಯ್ತು. ಯಾದವಗಿರಿ ಕಡೆ ಶಿಫ್ಟ್ ಬಿಡೋ ಹೊತ್ತಿಗೆ ಸೈಕಲ್ಲು, ಯೆಜ್ಡಿ ಎರಡೂ ಒಟ್ಟಿಗೆ ರಸ್ತೆ ತುಂಬ್ತಿದ್ದಿದ್ದು ನಾನು ಹುಡುಗನಾಗಿದ್ದಾಗ ನೋಡಿದ್ದೀನಿ, ಆ ಸದ್ದು ಈಗಲೂ ಕಿವೀಲಿದೆ.

ಆಮೇಲೆ 80ರ ದಶಕದ ನಡುವೆ ಎರಡು ಮೂರು ವರ್ಷದಲ್ಲೇ ಲೋಕ ಬದಲಾಯ್ತು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100, ಆಮೇಲೆ ಕವಾಸಾಕಿ ಬಜಾಜ್. ಯೆಜ್ಡಿ ಲೀಟರಿಗೆ 30 ಕಿಲೋಮೀಟರ್ ಕೊಟ್ರೆ ಹೆಚ್ಚು, ಫೋರ್ ಸ್ಟ್ರೋಕ್ ಸಿಡಿ 100 ಅದರ ಎರಡು ಪಟ್ಟಿಗಿಂತ ಜಾಸ್ತಿ ಓಡ್ತಿತ್ತು, ಎಣ್ಣೆ ಬೆರೆಸೋ ತಾಪತ್ರಯನೂ ಇಲ್ಲ. ತಿಂಗಳ ಸಂಬಳದಲ್ಲಿ ಪೆಟ್ರೋಲ್ ಲೆಕ್ಕ ಹಾಕೋ ಗುಮಾಸ್ತರಿಗೆ, ಮೇಷ್ಟ್ರಿಗೆ ಯಾವುದು ಬೇಕು ಹೇಳಿ? ಆ ಹೊತ್ತಲ್ಲಿ ಮೈಸೂರಿಂದ ಬಂದ ಉತ್ತರ ಹೊಸ ಇಂಜಿನ್ ಅಲ್ಲ, ಹೊಸ ಹೆಸರು, ಹೊಸ ಟ್ಯಾಂಕು. 1988ರ ಶೋರೂಮಲ್ಲಿ ಅಷ್ಟು ಮಾಡೆಲ್ ಸಾಲಾಗಿ ನಿಂತಿದ್ರೂ ಒಳಗಿನ ಜೀವ 60ರ ದಶಕದ ಜಾವಾ ಬೇರಿಂದಲೇ ಬಂದಿದ್ದು. ಆ ಇಂಜಿನ್ ಎಷ್ಟು ಗಟ್ಟಿ ಅಂದ್ರೆ ಅದನ್ನ ಬಿಟ್ಟು ಬೇರೆ ಯೋಚನೆ ಮಾಡೋಕೆ ಅವರಿಗೆ ಮನಸ್ಸೇ ಬರಲಿಲ್ಲ ಅಂತ ನನಗನ್ಸುತ್ತೆ. ಮೇಲಿಂದ ಹೊಗೆ ನಿಯಮ ಬಿಗಿಯಾದ್ವು, ಕಾರ್ಮಿಕರ ತಕರಾರೂ ಸೇರ್ಕೊಂಡ್ತು, 1996ರಲ್ಲಿ ಬಾಗಿಲು ಹಾಕಿತು. ಗಾಡಿ ಕೆಟ್ಟದಿತ್ತು ಅಂತ ಅಲ್ಲ ಕಣ್ರೀ. ನಂಬಿಕೆ ಬರದಿದ್ರೆ ಜುಲೈ ಎರಡನೇ ಭಾನುವಾರ ಬೆಂಗಳೂರಲ್ಲಿ ಜಾವಾ ಯೆಜ್ಡಿ ದಿನಕ್ಕೆ ಹೋಗಿ ನೋಡಿ, ನಿಮ್ಮ ವಯಸ್ಸಿನವರೇ ಎಷ್ಟೋ ಜನ ಇರ್ತಾರೆ.

ಪ್ರಶ್ನೆ (ತುಮಕೂರಿನಿಂದ): 1987ರ ಗಾಡಿಗೆ ವಿಂಟೇಜ್ ನಂಬರ್ (ತುಂಬಾ ಹಳೇ ಗಾಡಿಗೆ ಕೊಡೋ ವಿಶೇಷ ನೋಂದಣಿ) ಸಿಗುತ್ತಾ?

ಈಗ ಇಲ್ಲ. ಕೇಂದ್ರದ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಅಲ್ಲಿ ತನಕ ಎಲ್ಲಾ ಹಳೇ ಗಾಡಿ ತರಾನೇ, 15 ವರ್ಷ ಆದಮೇಲೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. ಅವಧಿ ಮುಗಿದಿದ್ರೆ ಬಣ್ಣಕ್ಕೆ ದುಡ್ಡು ಹಾಕೋ ಮೊದಲು ಅದನ್ನ ಮಾಡಿಸಿ.

ಪ್ರಶ್ನೆ (ಶಿವಮೊಗ್ಗದಿಂದ): ತಾತ ತೀರಿಕೊಂಡ ಮೇಲೆ 11 ವರ್ಷ ರೋಡ್‌ಕಿಂಗ್ ಕೊಟ್ಟಿಗೇಲಿ ನಿಂತಿತ್ತು. ನಾನೇ ಸ್ಟಾರ್ಟ್ ಮಾಡ್ಬೇಕು ಅಂತ ಆಸೆ. ಕಿಕ್ಕರ್ ಎಲ್ಲಿದೆ ಅಂತಾನೇ ಗೊತ್ತಾಗ್ಲಿಲ್ಲ.

ಈ ಪತ್ರ ಓದಿ ತುಂಬಾ ಖುಷಿಯಾಯ್ತಮ್ಮ. ಬಲಗಡೆ ಹುಡುಕಿರ್ತೀಯ, ಅದು ಎಡಗಡೆ ಇರೋದು. ಗೇರ್ ಲಿವರ್ ಇದೆಯಲ್ಲ, ಅದೇ ಕಿಕ್ಕರ್ರು. ನ್ಯೂಟ್ರಲಲ್ಲಿ ಇಟ್ಟು ಲಿವರನ್ನ ಒಳಗೆ ಒತ್ತಿ ಮೇಲಕ್ಕೆ ತಿರುಗಿಸು, ಎದ್ದು ನಿಲ್ಲುತ್ತೆ.

ಆದ್ರೆ ಈಗಲೇ ಒದಿಬೇಡ. ಮೊದಲು ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿ ತುಕ್ಕು ತೊಳೆಸು, ಪೆಟ್ರೋಲ್ ಪೈಪ್ ಹೊಸದು ಹಾಕು, ಕಾರ್ಬ್ಯುರೇಟರ್ ಬಿಚ್ಚಿ ಜೆಟ್ ಊದಿ ಕ್ಲೀನ್ ಮಾಡಿಸು. ಈಗಿನ ಪೆಟ್ರೋಲಲ್ಲಿ ಎಥನಾಲ್ ಇರೋದ್ರಿಂದ ಹಳೇ ರಬ್ಬರ್ ತಡೆಯಲ್ಲ, ತೇವಾನೂ ಎಳ್ಕೊಳ್ಳುತ್ತೆ, ಹಾಗಾಗಿ ಓಡಿಸದೇ ಇರೋ ತಿಂಗಳು ಟ್ಯಾಂಕಲ್ಲಿ ಬಿಡಬೇಡ. ಪ್ಲಗ್ ತೆಗೆದು ಆ ತೂತಲ್ಲಿ ಎರಡು ಚಮಚ ಟೂಟಿ ಆಯಿಲ್ ಬಿಟ್ಟು ಒಂದು ರಾತ್ರಿ ಇರಲಿ, ಮಾರನೇ ದಿನ ಪ್ಲಗ್ ಇಲ್ಲದೇನೇ ಕಿಕ್ಕರನ್ನ ಮೆತ್ತಗೆ ಕಾಲಲ್ಲಿ ಒತ್ತಿ ಪಿಸ್ಟನ್ ಸರಾಗ ಓಡಾಡುತ್ತಾ ನೋಡು. ಎಲ್ಲಾದ್ರೂ ಹಿಡೀತು ಅನ್ನಿಸಿದ್ರೆ ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ಕನ್ನ ಕರಿ, ಬಲ ಹಾಕ್ಬೇಡ. ಟೈಮಿಂಗ್ (ಪ್ಲಗ್ಗಲ್ಲಿ ಕಿಡಿ ಹಾರೋ ಹೊತ್ತು) ಚೆಕ್ ಮಾಡಿಸ್ದೇ ಮಾತ್ರ ಸ್ಟಾರ್ಟ್ ಮಾಡ್ಬೇಡ, ಟೈಮಿಂಗ್ ಮುಂದಿದ್ರೆ ಕಿಕ್ ವಾಪಸ್ ಹೊಡೆಯುತ್ತೆ, ಮೊಣಕಾಲು ಒಂದು ವಾರ ನೋಯುತ್ತೆ.

ಇಷ್ಟೆಲ್ಲಾ ಆದಮೇಲೆ ಪ್ಲಗ್ ಹಾಕಿ, ಎಣ್ಣೆ ಬೆರೆಸಿದ ಹೊಸ ಪೆಟ್ರೋಲ್ ತುಂಬಿ, ಪೆಟ್ರೋಲ್ ಟ್ಯಾಪ್ ತಿರುಗಿಸಿ ಇಗ್ನಿಶನ್ ಆನ್ ಮಾಡು. ಗಟ್ಟಿ ಶೂ ಹಾಕ್ಕೊಂಡಿರು, ಅರ್ಧಂಬರ್ಧ ಒದಿಬೇಡ, ತುದಿವರೆಗೂ ಒದಿ. ಮೊದಲ ಐದು ನಿಮಿಷ ಕೊಟ್ಟಿಗೆ ತುಂಬ ಹೊಗೆ ಬರುತ್ತೆ, ಸುರಿದ ಎಣ್ಣೆ ಸುಡ್ತಿರೋದು ಅದು, ಗಾಬರಿಯಾಗ್ಬೇಡ, ಬಾಗಿಲು ತೆಗೆದಿಟ್ಟು ಹಸುಗಳನ್ನ ಮಾತ್ರ ಮೊದಲೇ ಆಚೆ ಕಟ್ಟಿರು.