ಶ್ರವಣ ಸಾಧನ ಹಾಕಿಕೊಂಡರೆ ಮೊದಲಿನಂತೆಯೇ ಕೇಳಿಸುತ್ತದೆಯೇ?

ಡೊಂಬಿವಿಲಿಯಲ್ಲಿರುವ ತಮ್ಮ ತಂದೆಯವರಿಗೆ ಶ್ರವಣ ಸಾಧನ ಕೊಡಿಸಿದರೆ ಎಲ್ಲವೂ ಮೊದಲಿನಂತೆ ಕೇಳಿಸುವುದೇ ಎಂದು ಕೇಳಿದ್ದೀರಿ. ಮನೆಯ ಮಾತುಕತೆಗೆ, ಟಿವಿಗೆ, ಎದುರು ಕುಳಿತವರ ಮಾತಿಗೆ ಅದು ನಿಜಕ್ಕೂ ಆಸರೆಯಾಗುತ್ತದೆ; ಆದರೆ ಹಳೆಯ ಕಿವಿಯನ್ನು ಮರಳಿ ಕೊಡುವುದಿಲ್ಲ. ವಯಸ್ಸಾದಂತೆ ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ನಶಿಸುವುದರಿಂದ ಸ, ಶ, ಫದಂತಹ ತೀಕ್ಷ್ಣ ಧ್ವನಿಗಳು ಸಾಮಾನ್ಯವಾಗಿ ಮೊದಲು ಮಸುಕಾಗುತ್ತವೆ. ಸಾಧನವು ಅವುಗಳನ್ನು ಹೆಚ್ಚಿಸಿ ಕೊಟ್ಟರೂ, ಗದ್ದಲದೊಳಗಿಂದ ಮಾತನ್ನು ಹೆಕ್ಕಿ ತೆಗೆಯುವ ಸೂಕ್ಷ್ಮತೆಯನ್ನು ಪೂರ್ತಿಯಾಗಿ ತುಂಬಿಕೊಡಲಾರದು.

ನಮ್ಮ ತಾಯಿಯವರಿಗೆ ಒಗ್ಗರಣೆಯ ಸಾಸಿವೆ ಸಿಡಿಯುವ ಸದ್ದು ವರ್ಷಗಳ ಬಳಿಕ ಕೇಳಿಸಿದಾಗ ಅವರ ಕಣ್ಣು ತುಂಬಿತ್ತು. ಆದರೂ ಲೋಕಲ್ ರೈಲಿನಲ್ಲಿ ಪಕ್ಕದಲ್ಲೇ ಕುಳಿತ ನನ್ನ ಮಾತು ಇಂದಿಗೂ ಅವರಿಗೆ ಅರ್ಧದಷ್ಟೇ ದಕ್ಕುತ್ತದೆ. ಮೊದಲ ವಾರಗಳಲ್ಲಿ ಫ್ಯಾನು, ನಲ್ಲಿ, ಪಾತ್ರೆಗಳ ಸದ್ದಿನಿಂದ ಕಿರಿಕಿರಿಯಾಗಿ ಎಷ್ಟೋ ಮಂದಿ ಅದನ್ನು ಡಬ್ಬಿಯಲ್ಲಿಟ್ಟು ಮರೆಯುತ್ತಾರೆ. ದಯವಿಟ್ಟು ಹಾಗಾಗಲು ಬಿಡಬೇಡಿ. ದಿನವೂ ಧರಿಸಿದರೆ ಮಾತ್ರ ಮಿದುಳು ಹೊಂದಿಕೊಳ್ಳುತ್ತದೆ.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದನ್ನು ಕೊಳ್ಳುವ ಬದಲು ಆಡಿಯಾಲಜಿಸ್ಟರಿಂದ (ಶ್ರವಣ ತಜ್ಞರಿಂದ) ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ. ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೇ ಕ್ಷೇತ್ರದ ಕೇಂದ್ರ ಸರ್ಕಾರದ ಸಂಸ್ಥೆ. ತಂದೆಯವರು ಮನೆಯಲ್ಲಿ ಆಡುವುದು ಕನ್ನಡವಾದರೆ, ಪದಗಳನ್ನು ಕೇಳಿಸಿ ಮಾಡುವ ಪರೀಕ್ಷೆಯೂ ಸಾಧ್ಯವಾದಷ್ಟು ಕನ್ನಡದಲ್ಲೇ ಆಗಲಿ. ಮರಾಠಿ ಪದ ತಿಳಿಯದಿರುವುದು ಬೇರೆ, ಕೇಳಿಸದಿರುವುದು ಬೇರೆ. ಮುಂಬಯಿಯ ಬೆವರು ಮತ್ತು ಮಳೆಗಾಲದ ತೇವ ಈ ಸಾಧನಕ್ಕೆ ಶತ್ರುಗಳು, ಆದ್ದರಿಂದ ರಾತ್ರಿ ಒರೆಸಿ, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ.