ಹೋಗಿಬರಲಿ ಬಿಡಿ, ಅಮ್ಮ

ತಿಪಟೂರಿನಿಂದ ತಾಯಿಯೊಬ್ಬರು ಬರೆದಿದ್ದಾರೆ: "ಮಗಳು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಕ್ಯಾನಿಕಲ್ ಎಂ.ಎಸ್. ಓದುತ್ತಿದ್ದಾಳೆ. ಬ್ಯಾಂಕ್ ಸಾಲದ ಬಡ್ಡಿಯನ್ನು ನಾವು ಪ್ರತಿ ತಿಂಗಳೂ ಕಟ್ಟುತ್ತಿದ್ದೇವೆ. ಈಗ ನವೆಂಬರ್ ನಡುವಿನ ಶನಿವಾರ-ಭಾನುವಾರ ಐದು ಜನ ಸ್ನೇಹಿತರು ಸೇರಿ ಪಕ್ಕದ ಜೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋಗುತ್ತಾರಂತೆ. ಅದರಲ್ಲಿ ಇಬ್ಬರು ಹುಡುಗರು. ಓದಲು ಹೋದವಳಿಗೆ ಇದೆಲ್ಲ ಬೇಕೇ? ಬೇಡ ಅನ್ನಲು ಮನಸ್ಸಿಲ್ಲ, ಹೂಂ ಅನ್ನಲು ಧೈರ್ಯವಿಲ್ಲ. ಏನು ಹೇಳಿ ಕಳಿಸಲಿ?"

ಸಂಪಾದಕರ ಉತ್ತರ:

ಅಮ್ಮ, ನಮಸ್ಕಾರ. ಹೂಂ ಅನ್ನಿ, ಸಂತೋಷದಿಂದಲೇ ಅನ್ನಿ. ಯಾಕೆ ಹಾಗೆ ಹೇಳುತ್ತಿದ್ದೇನೆಂದು ವಿವರವಾಗಿ ಬರೆಯುತ್ತೇನೆ. ಇದೇ ಆತಂಕ ಇರುವ ಮನೆಗಳು ನಮ್ಮ ಓದುಗರಲ್ಲಿ ಇನ್ನೂ ಬಹಳ ಇವೆ.

ಮೊದಲು ದುಡ್ಡಿನ ಮಾತು. ಬೇರೆ ದೇಶ ಎಂದ ಕೂಡಲೇ ವಿಮಾನ, ವೀಸಾ, ಲಕ್ಷಗಟ್ಟಲೆ ಖರ್ಚು ಕಣ್ಣ ಮುಂದೆ ಬರುತ್ತದೆ. ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ, ಹೆಚ್ಚುಕಡಿಮೆ ನೀವು ತಿಪಟೂರಿನಿಂದ ಬೆಂಗಳೂರಿಗೆ ಹೋಗುವಷ್ಟು ಹೊತ್ತು. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ (ವಾಸದ ಪರವಾನಗಿ) ಇದ್ದವರಿಗೆ ಜೆಕ್ ದೇಶಕ್ಕೆ ಬೇರೆ ವೀಸಾ ಬೇಡ. ಯುರೋಪಿನ ಹಲವು ದೇಶಗಳು ತಮ್ಮೊಳಗೆ ಓಡಾಟ ಸುಲಭವಾಗಲೆಂದು ಮಾಡಿಕೊಂಡ ಷೆಂಗೆನ್ ಒಪ್ಪಂದದಡಿ ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಉಳಿದ ಸದಸ್ಯ ದೇಶಗಳಿಗೆ ಹೋಗಿಬರಬಹುದು. ಖರ್ಚಿಗೂ ಒಂದು ಮಿತಿ ತಾನಾಗಿಯೇ ಇದೆ. ವೀಸಾ ಮಾಡಿಸುವಾಗ ಬ್ಲಾಕ್ಡ್ ಅಕೌಂಟ್‌ನಲ್ಲಿ ದುಡ್ಡು ಇಟ್ಟಿದ್ದು ನಿಮಗೆ ನೆನಪಿರಬಹುದು. 2024ರ ಸೆಪ್ಟೆಂಬರ್‌ನಿಂದ ಅದು ವರ್ಷಕ್ಕೆ 11,904 ಯೂರೊ. ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಸಿಗುತ್ತದೆ, ಬಾಡಿಗೆ, ವಿಮೆ, ಊಟ ಎಲ್ಲ ಅದರಲ್ಲೇ ಆಗಬೇಕು. ಅದರ ಜೊತೆಗೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅಲ್ಲಿನ ಕಾನೂನು ವಿದ್ಯಾರ್ಥಿಗಳಿಗೆ ಅವಕಾಶ ಕೊಡುತ್ತದೆ. ಈ ಎರಡು ದಿನದ ಖರ್ಚು ಅವಳು ಉಳಿಸಿದ್ದರಿಂದಲೋ ದುಡಿದಿದ್ದರಿಂದಲೋ ಹೋಗುತ್ತದೆಯೇ ಹೊರತು ನಿಮ್ಮ ಸಾಲ ಏರುವುದಿಲ್ಲ. ಆದರೆ ನೀವು ಬಡ್ಡಿ ಕಟ್ಟುತ್ತಿರುವ ವಿಷಯ ಅವಳಿಗೆ ಗೊತ್ತಿಲ್ಲದಿದ್ದರೆ ಹೇಳಿಬಿಡಿ. ಪ್ರವಾಸ ತಡೆಯಲು ಹೇಳಬೇಡಿ; ಮನೆಯ ಲೆಕ್ಕ ತಿಳಿಯುವ ವಯಸ್ಸು ಅವಳಿಗೆ ಬಂದಿದೆ, ಅದಕ್ಕಾಗಿ ಹೇಳಿ.

ಹುಡುಗರ ಮಾತು. ಹೊಸ ದೇಶದಲ್ಲಿ ಒಬ್ಬಳೇ ತಿರುಗುವುದಕ್ಕಿಂತ ಐದು ಜನ ಸ್ನೇಹಿತರು ಜೊತೆಯಲ್ಲಿದ್ದರೆ ನನಗೆ ಹೆಚ್ಚು ಸಮಾಧಾನ. ಅಲ್ಲಿನ ಯೂತ್ ಹಾಸ್ಟೆಲ್‌ಗಳಲ್ಲಿ ಹೆಣ್ಣುಮಕ್ಕಳಿಗೇ ಬೇರೆ ಕೋಣೆಗಳು ಸಿಗುತ್ತವೆ. ಎಲ್ಲಿ ಉಳಿಯುತ್ತಾರೆ, ಯಾವ ರೈಲು, ಜೊತೆಯವರಲ್ಲಿ ಒಬ್ಬರ ಫೋನ್ ನಂಬರ್: ಇಷ್ಟು ಕೇಳುವ ಹಕ್ಕು ನಿಮಗಿದೆ. ಅದಕ್ಕಿಂತ ಹೆಚ್ಚು ಕೇಳಿದರೆ ಮುಂದಿನ ಸಲ ಅವಳು ಹೇಳದೇ ಹೋದಾಳು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಓದಲು ಹೋದವಳಿಗೆ ಇದು ಬೇಕೇ ಎಂಬುದು. ಬೇರೆ ಊರಾಗಿದ್ದರೆ ನನ್ನ ಉತ್ತರ ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ಪ್ರಾಗ್ ಹಾಗಲ್ಲ. ಅದು ವಿದ್ಯಾರ್ಥಿಗಳ ಊರು. ಅಲ್ಲಿನ ಚಾರ್ಲ್ಸ್ ವಿಶ್ವವಿದ್ಯಾಲಯ ಹುಟ್ಟಿದ್ದು 1348ರಲ್ಲಿ. ನಮ್ಮಲ್ಲಿ ವಿಜಯನಗರ ಇನ್ನೂ ತಲೆ ಎತ್ತುತ್ತಿದ್ದ ಕಾಲ ಅದು. ಇಪ್ಪತ್ತನೇ ಶತಮಾನದಲ್ಲಿ ಆ ದೇಶದ ಮೇಲೆ ಕತ್ತಲೆ ಕವಿದಾಗಲೆಲ್ಲ ಮುಂದೆ ಬಂದು ನಿಂತವರಲ್ಲಿ ನಿಮ್ಮ ಮಗಳ ವಯಸ್ಸಿನವರಿದ್ದರು.

ನಿಮ್ಮ ಮಗಳ ಗುಂಪು ಹೊರಟಿರುವುದೂ ಸರಿಯಾಗಿ ಆ ನೆನಪಿನ ದಿನಗಳಲ್ಲೇ. 1939ರ ಅಕ್ಟೋಬರ್ 28ರಂದು ನಾಜಿ ಆಕ್ರಮಣದ ವಿರುದ್ಧ ಪ್ರಾಗ್‌ನಲ್ಲಿ ಮೆರವಣಿಗೆ ನಡೆಯಿತು. ಯಾನ್ ಓಪ್ಲೆತಾಲ್ ಎಂಬ ವೈದ್ಯಕೀಯ ವಿದ್ಯಾರ್ಥಿಗೆ ಗುಂಡು ಬಿದ್ದು, ನವೆಂಬರ್ 11ರಂದು ಆತ ತೀರಿಕೊಂಡ. ಅವನ ಅಂತಿಮಯಾತ್ರೆ ಮತ್ತೆ ಪ್ರತಿಭಟನೆಯಾಯಿತು. ನವೆಂಬರ್ 17ರಂದು ನಾಜಿಗಳು ಒಂಬತ್ತು ಮಂದಿ ಮುಂದಾಳುಗಳನ್ನು ಕೊಂದರು, ಸಾವಿರದ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಸಾಕ್ಸೆನ್‌ಹೌಸೆನ್ ಶಿಬಿರಕ್ಕೆ ಸಾಗಿಸಿದರು, ಜೆಕ್ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿದರು. ನವೆಂಬರ್ 17 ಅಂತರರಾಷ್ಟ್ರೀಯ ವಿದ್ಯಾರ್ಥಿ ದಿನವಾಗಿದ್ದು ಇದರಿಂದಲೇ. ಐವತ್ತು ವರ್ಷದ ನಂತರ, 1989ರ ಅದೇ ದಿನ, ಓಪ್ಲೆತಾಲ್ ನೆನಪಿಗೆಂದು ಅಲ್ಬೆರ್ತೋವ್‌ನಿಂದ ಹೊರಟ ವಿದ್ಯಾರ್ಥಿಗಳನ್ನು ನಾರೊದ್ನಿ ಬೀದಿಯಲ್ಲಿ ಆಗಿನ ಕಮ್ಯುನಿಸ್ಟ್ ಸರ್ಕಾರದ ಪೊಲೀಸರು ಅಡ್ಡಗಟ್ಟಿ ಹೊಡೆದರು. ಮಕ್ಕಳಿಗೆ ಬಿದ್ದ ಏಟು ಊರಿಗೇ ಬಿದ್ದಂತಾಯಿತು. ವಿದ್ಯಾರ್ಥಿಗಳು ಮುಷ್ಕರ ಹೂಡಿದರು, ನಾಟಕದವರು ಅವರ ಜೊತೆ ನಿಂತರು, ವೆನ್ಸೆಸ್ಲಾಸ್ ಚೌಕದಲ್ಲಿ ಜನ ಮನೆಯ ಬೀಗದ ಕೈಗೊಂಚಲು ಅಲ್ಲಾಡಿಸುತ್ತ ಲಕ್ಷಗಟ್ಟಲೆ ಸೇರಿದರು. ಕಮ್ಯುನಿಸ್ಟ್ ಆಳ್ವಿಕೆ ಕುಸಿದು, ಡಿಸೆಂಬರ್ 29ಕ್ಕೆ ನಾಟಕಕಾರ ವಾಸ್ಲಾವ್ ಹಾವೆಲ್ ಅಧ್ಯಕ್ಷರಾದರು. ಆರು ವಾರದಲ್ಲಿ ಇಷ್ಟೂ ಆಯಿತು.

ನಾರೊದ್ನಿ ಬೀದಿಯ ಮಳಿಗೆ ಸಾಲಿನ ಕಮಾನಿನೊಳಗೆ ಕಂಚಿನ ಕೈಗಳ ಒಂದು ಸಣ್ಣ ಸ್ಮಾರಕ ಇದೆ. ನವೆಂಬರ್ 17ರ ಹೊತ್ತಿಗೆ ಅದರ ಕೆಳಗೆ ಸಾಲುಸಾಲು ಮೇಣದಬತ್ತಿ ಉರಿಯುತ್ತವೆ. ಮೊದಲು ಅಲ್ಲಿಗೆ ಹೋಗಲಿ. ಅಲ್ಲಿಂದ ನಡೆದೇ ವೆನ್ಸೆಸ್ಲಾಸ್ ಚೌಕದ ಮೇಲ್ತುದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ತಲುಪಬಹುದು. ಅದರ ಮುಂದಿನ ಕಲ್ಲುಹಾಸಿನಲ್ಲಿ ನೆಲದಿಂದಲೇ ಉಬ್ಬಿ ಬಂದಂತೆ ಒಂದು ಕಂಚಿನ ಶಿಲುಬೆ ಇದೆ. 1968ರ ಸೋವಿಯತ್ ದಾಳಿಗೆ ಜನ ಒಗ್ಗಿಹೋಗುತ್ತಿದ್ದಾರೆಂದು ನೊಂದ ಯಾನ್ ಪಾಲಾಕ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ 1969ರ ಜನವರಿ 16ರಂದು ಆ ಚೌಕದಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ, ಮೂರು ದಿನಕ್ಕೆ ಸತ್ತ. ಅವನ ದಾರಿ ಸರಿಯೆಂದು ನಾನು ಯಾವ ಮಕ್ಕಳಿಗೂ ಹೇಳಲಾರೆ. ಆದರೆ ಅವನ ಹೆಸರು ತಿಳಿಯದೆ ಆ ಚೌಕದಲ್ಲಿ ಬರೀ ಫೋಟೊ ತೆಗೆಸಿಕೊಂಡು ಬರುವುದು ನನಗೆ ಸಂಕಟದ ವಿಷಯ.

ಮೆಕ್ಯಾನಿಕಲ್ ಓದುವವಳಿಗೆ ಇಲ್ಲಿ ಇನ್ನೊಂದು ಭಾಗ್ಯ ಇದೆ. ಹಳೆ ಪಟ್ಟಣದ ಚೌಕದ ಖಗೋಳ ಗಡಿಯಾರ 1410ರದ್ದು, ಇವತ್ತಿಗೂ ನಡೆಯುತ್ತಿದೆ. ಗಂಟೆಗೊಮ್ಮೆ ಕಿಟಕಿಯಲ್ಲಿ ಹಾದುಹೋಗುವ ಗೊಂಬೆಗಳಿಗಾಗಿ ಜನ ಕಿಕ್ಕಿರಿಯುತ್ತಾರೆ (ಜೇಬುಗಳ್ಳರೂ ಅಲ್ಲೇ ಇರುತ್ತಾರೆ, ಬ್ಯಾಗ್ ಮುಂದಕ್ಕೆ ಹಾಕಿಕೊಳ್ಳಲಿ). ಗೊಂಬೆ ಮುಗಿದು ಜನ ಚದುರಿದ ಮೇಲೆ ಅವಳು ನಿಂತು ಮುಖಫಲಕ ನೋಡಲಿ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರನ ಕಲೆ ಎಷ್ಟು, ಸೂರ್ಯಾಸ್ತದಿಂದ ಎಣಿಸುವ ಹಳೆಯ ಜೆಕ್ ಹೊತ್ತು ಎಷ್ಟು, ಎಲ್ಲವನ್ನೂ ಹಲ್ಲುಚಕ್ರಗಳು ಹೇಳುತ್ತವೆ. ಅದೇ ಚೌಕದ ಟೀನ್ ಚರ್ಚಿನಲ್ಲಿ ಖಗೋಳ ವಿಜ್ಞಾನಿ ಟೈಕೊ ಬ್ರಾಹೆಯ ಸಮಾಧಿ ಇದೆ. ಅವನು ಕಣ್ಣಿನಿಂದಲೇ ಅಳೆದಿಟ್ಟ ಮಂಗಳ ಗ್ರಹದ ಲೆಕ್ಕ ಹಿಡಿದು ಕೆಪ್ಲರ್ ಗ್ರಹಗಳ ದಾರಿ ದೀರ್ಘವೃತ್ತವೆಂದು ಕಂಡುಕೊಂಡದ್ದು ಈ ಊರಿನಲ್ಲೇ. ಅದನ್ನು ಹೇಳುವ ಕೆಪ್ಲರನ ಪುಸ್ತಕ 1609ರಲ್ಲಿ ಹೊರಬಂತು. ಹತ್ತಿರ ಬರುವ, ದೂರ ಹೋಗುವ ಸದ್ದಿನ ಶ್ರುತಿ ಬದಲಾಗುವ ಡಾಪ್ಲರ್ ಪರಿಣಾಮವನ್ನು ಡಾಪ್ಲರ್ ಮೊದಲು ಮಂಡಿಸಿದ್ದೂ 1842ರಲ್ಲಿ ಇಲ್ಲೇ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಹೆಸರುಗಳು ನಡೆದಾಡಿದ ಬೀದಿಗಳಲ್ಲಿ ನಿಮ್ಮ ಮಗಳು ನಡೆಯುತ್ತಾಳೆ. ಇದು ಓದಲ್ಲದೆ ಇನ್ನೇನು?

ಒಂದು ವಿಷಯ ಮರೆಯದೆ ಹೇಳಿ. ಯಹೂದಿ ಮೊಹಲ್ಲಾದ ಪಿಂಕಾಸ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಶನಿವಾರ ತೆರೆದಿರುವುದಿಲ್ಲ, ಭಾನುವಾರ ಬೆಳಿಗ್ಗೆಗೆ ಇಟ್ಟುಕೊಳ್ಳಬೇಕು. ನಾಜಿಗಳು ಕೊಂದ ಸುಮಾರು 78,000 ಜೆಕ್ ಯಹೂದಿಗಳ ಹೆಸರು, ಹುಟ್ಟಿದ ದಿನ, ಊರು ಅಲ್ಲಿನ ಗೋಡೆಗಳ ಮೇಲೆ ಕೈಯಲ್ಲೇ ಬರೆದಿವೆ. ಕಮ್ಯುನಿಸ್ಟ್ ಆಳ್ವಿಕೆಯಲ್ಲಿ ಅದು 1968ರಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಮುಚ್ಚಿತ್ತು. ಹಾಳಾದ ಹೆಸರುಗಳನ್ನು 1990ರ ದಶಕದಲ್ಲಿ ಮತ್ತೆ ಬರೆದರು. ಮಹಡಿಯಲ್ಲಿ ನಾಜಿಗಳ ತೆರೆಜಿನ್ ಸೆರೆ ಶಿಬಿರದಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿವೆ: ಮನೆ, ಚಿಟ್ಟೆ, ಹೂವು. ಡ್ರೆಸ್ಡೆನ್-ಪ್ರಾಗ್ ರೈಲು ಆ ತೆರೆಜಿನ್ ಪಕ್ಕದಲ್ಲೇ ಹಾದುಹೋಗುತ್ತದೆ. ಆ ಸಿನಗಾಗಿನಲ್ಲಿ ಒಂದು ಗಂಟೆ ಕಳೆದವರು ಹೊರಗೆ ಬಂದು ಸ್ವಲ್ಪ ಹೊತ್ತು ಯಾರೊಂದಿಗೂ ಮಾತಾಡುವುದಿಲ್ಲ. ಆದ್ದರಿಂದ ಅದರ ಬೆನ್ನಲ್ಲೇ ಬೇರೇನೂ ಇಟ್ಟುಕೊಳ್ಳುವುದು ಬೇಡ.

ಚಾರ್ಲ್ಸ್ ಸೇತುವೆ, ಕೋಟೆ ಬಗ್ಗೆ ನಾನು ಹೇಳಬೇಕಾದ್ದಿಲ್ಲ, ಅವರೇ ಹೋಗುತ್ತಾರೆ. ಸೇತುವೆಗೆ ಬೆಳಗಿನ ಜಾವವೇ ಹೋದರೆ ನದಿಯೂ ಕಾಣುತ್ತದೆ, ವಿಗ್ರಹಗಳೂ ಕಾಣುತ್ತವೆ. ಹನ್ನೊಂದು ಗಂಟೆಗೆ ಹೋದರೆ ಜನರ ಬೆನ್ನು ಮಾತ್ರ. ಕೋಟೆಗೆ 22ನೇ ನಂಬರಿನ ಟ್ರಾಮ್ ಸಾಕು. ನವೆಂಬರ್ ಮಧ್ಯದಲ್ಲಿ ಸಂಜೆ ನಾಲ್ಕೂಕಾಲಿಗೇ ಸೂರ್ಯ ಮುಳುಗುತ್ತಾನೆ, ಹೊರಗಿನದೆಲ್ಲ ಬೆಳಿಗ್ಗೆ ಮುಗಿಸಲಿ. ಸಮಯ ಉಳಿದರೆ ದೆಯ್ವಿತ್ಸೆ ಬಡಾವಣೆಗೆ ಹೋಗಲಿ. 1921 ಮತ್ತು 1926ರಲ್ಲಿ ಪ್ರಾಗ್‌ಗೆ ಬಂದಿದ್ದ ರವೀಂದ್ರನಾಥ ಠಾಕೂರರ ಹೆಸರಿನ ಬೀದಿ ಅಲ್ಲಿದೆ, ಅವರ ಪ್ರತಿಮೆಯೂ ಇದೆ. ಜೆಕ್ ತಾಂತ್ರಿಕ ವಿಶ್ವವಿದ್ಯಾಲಯದ ಕಟ್ಟಡಗಳಿರುವುದೂ ಅದೇ ಬೀದಿಯಲ್ಲಿ. ಎಂಜಿನಿಯರಿಂಗ್ ಹುಡುಗರಿಗೆ ಅದಕ್ಕಿಂತ ಒಳ್ಳೆಯ ವಿಳಾಸ ಬೇಕೇ?

ಊಟದ ಚಿಂತೆ ಬೇಡ. ಮಾಂಸ ತಿನ್ನದವರಿಗೆ ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆಯ ಬ್ರಾಂಬೊರಾಕ್, ಕರಿದ ಚೀಸ್, ಹಣ್ಣು ತುಂಬಿದ ಕಡುಬು ಸಿಗುತ್ತವೆ. ಅಲ್ಲಿ ಯೂರೊ ಅಲ್ಲ, ಕೊರುನಾ ನಡೆಯುತ್ತದೆ. ಬೀದಿಬದಿಯ ಹಣ ಬದಲಾವಣೆ ಅಂಗಡಿಗಳಿಗೆ ಹೋಗದೆ ಕಾರ್ಡ್ ಬಳಸಲಿ. ಎಟಿಎಂ ಪರದೆ "ಯೂರೊದಲ್ಲೇ ಲೆಕ್ಕ ಹಾಕಲೇ?" ಎಂದು ಕೇಳಿದರೆ ಬೇಡ ಎಂದು ಒತ್ತಲಿ, ಅವರ ದರದಲ್ಲಿ ಬಹಳ ಕಳೆದುಹೋಗುತ್ತದೆ. ಟ್ರಾಮ್ ಹತ್ತಿದ ಕೂಡಲೇ ಕಾಗದದ ಟಿಕೆಟ್ಟನ್ನು ಹಳದಿ ಯಂತ್ರದಲ್ಲಿ ಹಾಕಿ ಮುದ್ರೆ ಒತ್ತಿಸಬೇಕು. ಮುದ್ರೆ ಇಲ್ಲದ ಟಿಕೆಟ್ ಇದ್ದರೂ ದಂಡ ಬೀಳುತ್ತದೆ.

ಕಡೆಯದಾಗಿ, ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಎರಡೂ ಅಸಲಿಯೇ ಜೊತೆಯಲ್ಲಿರಲಿ, ಫೋನಿನಲ್ಲಿರುವ ಫೋಟೊ ನಡೆಯುವುದಿಲ್ಲ. 2023ರ ಅಕ್ಟೋಬರ್‌ನಿಂದ ಜರ್ಮನಿ ಜೆಕ್ ಗಡಿಯಲ್ಲಿ ಮತ್ತೆ ತಪಾಸಣೆ ಶುರುಮಾಡಿದೆ, ವಾಪಸು ಬರುವ ರೈಲಿನಲ್ಲಿ ಪೊಲೀಸರು ಕೇಳಬಹುದು. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆ ಇದ್ದರೆ ಆ ಕಾರ್ಡಿನ ಹಿಂಬದಿಯೇ ಯುರೋಪಿನ ಆರೋಗ್ಯ ಕಾರ್ಡ್, ಅದನ್ನೂ ಇಟ್ಟುಕೊಳ್ಳಲಿ. ತುರ್ತಿಗೆ 112. ಭಾನುವಾರ ಕೊನೆಯ ರೈಲಿಗೆ ಕಾಯದೆ ಅದರ ಹಿಂದಿನದಕ್ಕೆ ಹತ್ತಿದರೆ ಸೋಮವಾರ ಬೆಳಗಿನ ತರಗತಿಗೆ ತೊಂದರೆ ಆಗುವುದಿಲ್ಲ.

— ಸಂ.