ಬೀಗ ಹಾಕಿದರೂ ಎಣಿಕೆ ತಪ್ಪುವುದೇಕೆ?

ಪ್ರಶ್ನೆ: ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸ್ಟ್ಯಾಟಿಕ್ (ಇಡೀ ಕ್ಲಾಸ್‌ಗೆ ಒಂದೇ ಆದ) ಎಣಿಕೆಯನ್ನು ಎರಡು ಥ್ರೆಡ್‌ಗಳು (ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ತಲಾ 10,000 ಬಾರಿ ಹೆಚ್ಚಿಸುತ್ತವೆ. ಹೆಚ್ಚಿಸುವ ಮೆಥಡ್‌ಗೆ (ಆ ಕೆಲಸ ಮಾಡುವ ಕೋಡ್ ತುಣುಕಿಗೆ) ಬೀಗ ಹಾಕಲು ಸಿಂಕ್ರೊನೈಸ್ಡ್ ಎಂದು ಬರೆದರೂ ಮೊತ್ತ 20,000 ಆಗುತ್ತಿಲ್ಲ, ಏಕೆ?

ಉತ್ತರ: ನಿಮ್ಮ ಕೋಡ್ ನೋಡಿದೆ. ಪ್ರತಿ ಥ್ರೆಡ್‌ಗೂ ಬೇರೆ ಬೇರೆ ಆಬ್ಜೆಕ್ಟ್ (ಕ್ಲಾಸ್ ಎಂಬ ಅಚ್ಚಿನಿಂದ ತಯಾರಾದ ಪ್ರತಿ) ಕೊಟ್ಟಿದ್ದೀರಿ. ಎಡವಟ್ಟು ಅಲ್ಲಿದೆ. ಸಿಂಕ್ರೊನೈಸ್ಡ್ ಎಂದೊಡನೆ ಮೆಥಡ್‌ಗೇ ಬೀಗ ಬೀಳುತ್ತದೆಂದು ಬಹಳ ಮಂದಿ ನಂಬಿದ್ದಾರೆ. ಈ ನಂಬಿಕೆಯನ್ನು ಬಿಡಿಸುವುದರಲ್ಲಿ ನನ್ನ ತಲೆಗೂದಲು ನರೆತಿದೆ. ಜಾವಾದಲ್ಲಿ ಲಾಕ್, ಅಂದರೆ ಬೀಗ, ಇರುವುದು ಆಬ್ಜೆಕ್ಟ್‌ಗೆ. ಎರಡು ಆಬ್ಜೆಕ್ಟ್ ಎಂದರೆ ಎರಡು ಲಾಕ್. ಹಾಗಾಗಿ ಯಾವ ಥ್ರೆಡ್ಡೂ ಇನ್ನೊಂದಕ್ಕಾಗಿ ಕಾಯುವುದಿಲ್ಲ. ಆದರೆ ಎಣಿಕೆ ಒಂದೇ. ಒಂದು ಕೂಡಿಸುವುದೆಂದರೆ ಓದುವುದು, ಕೂಡುವುದು, ಮರಳಿ ಬರೆಯುವುದು. ಎರಡೂ ಥ್ರೆಡ್‌ಗಳು 57 ಎಂದು ಓದಿದರೆ ಎರಡೂ 58 ಎಂದೇ ಬರೆಯುತ್ತವೆ, ಒಂದು ಏರಿಕೆ ಮಾಯ!

ಮೆಥಡ್ ಅನ್ನೂ ಸ್ಟ್ಯಾಟಿಕ್ ಮಾಡಿ. ಆಗ ಲಾಕ್ ಇಡೀ ಕ್ಲಾಸ್ ಅನ್ನು ಪ್ರತಿನಿಧಿಸುವ ಆಬ್ಜೆಕ್ಟ್ ಮೇಲೆ ಬೀಳುತ್ತದೆ, ಅದು ಎರಡೂ ಥ್ರೆಡ್‌ಗಳಿಗೂ ಒಂದೇ. ಬರೀ ಎಣಿಕೆಯಷ್ಟೇ ಸಾಕೆಂದರೆ ಅಟಾಮಿಕ್‌ಇಂಟಿಜರ್ (ಓದಿ, ಕೂಡಿ, ಬರೆಯುವುದನ್ನು ಒಂದೇ ಬಿಡಿಸಲಾಗದ ಹೆಜ್ಜೆಯಾಗಿ ಮಾಡುವ ಜಾವಾ ಕ್ಲಾಸ್) ಬಳಸಿ, ನನಗೆ ಅದೇ ಇಷ್ಟ. ಲಾಕ್ ದಾರಿಯನ್ನೇ ಹಿಡಿಯುವುದಾದರೆ, ಥ್ರೆಡ್‌ಗಳು ಓಡುತ್ತಿರುವಾಗ ಎಣಿಕೆಯನ್ನು ಓದುವ ಮೆಥಡ್ ಕೂಡ ಅದೇ ಲಾಕ್ ಹಿಡಿಯಬೇಕು. ಇಲ್ಲದಿದ್ದರೆ ಹಳೆಯ ಮೌಲ್ಯ ಕಾಣಬಹುದು.